ನಾಲ್ಕು ಸೆಲ್ಲು, ಮೂರು ಬೆರಳು

"ರೀ! ಅದನ್ನ ನಾಲಿಗಿಗೆ ಹಚ್ಚಬ್ಯಾಡ್ರಿ!"

ಗೌರವ್ವ ಕೂಗುವಷ್ಟರಲ್ಲಿ ತಡವಾಗಿತ್ತು. ಅಂಗಡಿಯ ಕಟ್ಟೆಯ ಮುಂದೆ ನಿಂತಿದ್ದ ಆ ಎತ್ತರದ ಯುವಕ ಬ್ಯಾಟರಿಯ ಎರಡೂ ತಂತಿಗಳನ್ನು ನಾಲಿಗೆಯ ಮೇಲೆ ಇಟ್ಟುಕೊಂಡೇ ಬಿಟ್ಟಿದ್ದ. ಅವನ ಮುಖ ಹುಣಸೆಕಾಯಿ ತಿಂದವನ ಮುಖವಾಯಿತು.

"ಕರೆಂಟ್ ಐತ್ರಿ," ಎಂದ ಅವನು, ಕಣ್ಣಲ್ಲಿ ನೀರು ತುಂಬಿಕೊಂಡು.

"ಐತಿ ಅಂತ ನಾಲಿಗಿ ಹೇಳ್ತೈತಿ. ಎಷ್ಟೈತಿ, ಎಷ್ಟೊತ್ತು ಇರ್ತೈತಿ ಅಂತ ಹೇಳ್ತೈತೇನು? ಅದಕ್ಕ ಬಲ್ಬ್ ಅದಾವ, ಮೀಟರ್ ಐತಿ. ನೋಡಿದ್ರ ಕಲ್ತವರಂಗ ಕಾಣ್ತೀರಿ!"

"ರೇಡಿಯೋ ರಿಪೇರಿ ಮಾಡವ್ರು ಎಲ್ಲಿ ಅದಾರ್ರಿ? ಅವರ ಕೂಡ ಮಾತಾಡಬೇಕಿತ್ತು."

"ನಿಮ್ಮ ಮುಂದ ನಿಂತಾರ. ಮಾತಾಡ್ರಿ."

ಅವನು ಒಮ್ಮೆ ಅವಳನ್ನು ನೋಡಿದ, ಒಮ್ಮೆ ಅವಳ ಕೈಯಲ್ಲಿದ್ದ ಬೆಸುಗೆಯ ಕಡ್ಡಿಯನ್ನು ನೋಡಿದ. ನಗಲಿಲ್ಲ. ನಕ್ಕಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು ಅನ್ನಿ! ಸುಮ್ಮನೆ ಚೀಲದಿಂದ ಒಂದು ಮೊಳ ಉದ್ದದ ಅಲ್ಯುಮಿನಿಯಂ ಕೊಳವೆ ತೆಗೆದು ಅವಳ ಮುಂದಿಟ್ಟ.

"ಇದೇನ್ರಿ? ಬಾಂಬೇನು?"

"ರಾಕೆಟ್ಟಿನ ಹೊಟ್ಟಿ."

ಅದು ೧೯೬೪ರ ಶ್ರಾವಣ. ಕೇರಳದ ತುಂಬಾ ಎಂಬ ಊರಿನಿಂದ ರಾಕೆಟ್ ಹಾರಿ ಇನ್ನೂ ವರ್ಷ ತುಂಬಿರಲಿಲ್ಲ. ಆ ಸುದ್ದಿ ಓದಿದ ದಿನದಿಂದ ಈ ಯುವಕ ಕಾಡಸಿದ್ದನಿಗೆ ನಿದ್ದೆ ಹತ್ತಿರಲಿಲ್ಲ. ಊರು ದತ್ತವಾಡ, ಕೆಲಸ ಕೊಲ್ಹಾಪುರದ ಒಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ. ಅಲ್ಲಿಯ ಪಾಟೀಲ ಸರ್ ಅವರ ಮೇಲ್ವಿಚಾರಣೆಯಲ್ಲಿ ಹುಡುಗರ ಸಂಘ ಕಟ್ಟಿಕೊಂಡು ಎರಡು ಸಣ್ಣ ರಾಕೆಟ್ ಮಾಡಿದ್ದ. ರಾಕೆಟ್ಟಿನೊಳಗೊಂದು ಪುಟ್ಟ ಟ್ರಾನ್ಸ್‌ಮಿಟರ್. ಅದು ಆಕಾಶದಿಂದ 'ಪೀಂ... ಪೀಂ...' ಎಂದು ಕೂಗಬೇಕು, ನೆಲದ ಮೇಲಿನ ರೇಡಿಯೋದಲ್ಲಿ ಅದು ಕೇಳಿಸಬೇಕು. ಅಷ್ಟೇ ಅವನ ಆಸೆ. ಆದರೆ ಆ ಸದ್ದು ಓಣಿಯ ತುದಿಯನ್ನೂ ದಾಟುತ್ತಿರಲಿಲ್ಲ.

ಗೌರವ್ವ ಕೊಳವೆಯನ್ನು ಬಿಚ್ಚಿ ನೋಡಿದಳು.

"ಏರಿಯಲ್ ತಂತಿ ಎಲ್ಲೈತ್ರಿ?"

"ಒಳಗ ಸುತ್ತಿಟ್ಟೀನಿ. ಗಾಳಿಗೆ ಹರೀಬಾರದು ಅಂತ."

"ಲೋಹದ ಕೊಳವಿಯೊಳಗ ಏರಿಯಲ್ ಇಟ್ಟು ಊರ ಮಂದಿಗೆ ಕೇಳಸ್ಲಿ ಅಂದ್ರ ಹೆಂಗ್ರಿ? ಗಡಿಗ್ಯಾಗ ಬಾಯಿಟ್ಟು ಒದರಿದಂಗಾತು!"

ಒಳಗೆ ಕುಳಿತಿದ್ದ ಅವಳ ಅಪ್ಪ ದುಂಡಪ್ಪ ಕಿಸಕ್ಕನೆ ನಕ್ಕ. ಅಂಗಡಿ ಅವನದು. ಆದರೆ ಎರಡು ವರ್ಷದಿಂದ ಕಣ್ಣು ಮಂಜಾಗಿ, ರಿಪೇರಿಯೆಲ್ಲ ಮಗಳ ಕೈಗೆ ಬಂದಿತ್ತು. ಸೆಲ್ಲು ಮಾರುವುದು ಮಾತ್ರ ಇನ್ನೂ ಅವನೇ. 'ದುಂಡಪ್ಪನ ಅಂಗಡಿ ಸೆಲ್ಲು ಹಳಸಂಗಿಲ್ಲ' ಎಂದು ಇಚಲಕರಂಜಿಯ ಮಗ್ಗದವರೆಲ್ಲ ಹೇಳುತ್ತಿದ್ದರು. ಅದೊಂದೇ ಅವನ ಆಸ್ತಿ.

*

ಅಂದಿನಿಂದ ಪ್ರತಿ ಶನಿವಾರ ಕಾಡಸಿದ್ದ ಬರತೊಡಗಿದ.

ಏರಿಯಲ್ ಕೊಳವೆಯ ಹೊರಗೆ ಬಂತು. ಬುಡಕ್ಕೆ ಕರೆಂಟು ಬಿಡದ ಎಬೊನೈಟಿನ ಬಿಲ್ಲೆ ಕೂತಿತು. ಇನ್ನು ಸದ್ದು ಎಷ್ಟು ದೂರ ಹೋಗುತ್ತದೆ ಎಂದು ಅಳೆಯಬೇಕಲ್ಲ? ಅವನು ಟ್ರಾನ್ಸ್‌ಮಿಟರನ್ನು ಸೈಕಲ್ಲಿಗೆ ಕಟ್ಟಿಕೊಂಡು ಪಂಚಗಂಗಾ ನದಿಯ ದಾರಿ ಹಿಡಿಯುತ್ತಿದ್ದ. ಅವಳು ಮಾಳಿಗೆಯ ಮೇಲೆ ರೇಡಿಯೋ ಇಟ್ಟುಕೊಂಡು ಕೂರುತ್ತಿದ್ದಳು.

ಪೀಂ... ಪೀಂ... ಪೀಂ...

ಮೊದಲ ವಾರ ಅರ್ಧ ಮೈಲು. ಮುಂದಿನ ವಾರ ಒಂದು ಮೈಲು. ಆಮೇಲೆ ನದಿಯ ದಂಡೆಯವರೆಗೂ!

ಕಬ್ಬಿನ ಹೊಲಗಳಾಚೆ ಎಲ್ಲೋ ಇರುವ ಒಬ್ಬ ಮನುಷ್ಯ ತನ್ನ ಕಿವಿಯ ಹತ್ತಿರವೇ ಇದ್ದಾನೆ... ಈ ಯೋಚನೆ ಬಂದಾಗಲೆಲ್ಲ ಗೌರವ್ವನ ಕೆನ್ನೆ ಬಿಸಿಯಾಗುತ್ತಿತ್ತು. ಸದ್ದು ಕ್ಷೀಣವಾದರೆ ಅವಳ ಎದೆಯೂ ಸಣ್ಣಗಾಗುತ್ತಿತ್ತು. ತಿರುಗಿ ಬರುವಾಗ ಜೋರಾಗುತ್ತಿತ್ತು. ಅವನು ಓಣಿಗೆ ಬರುವ ಮೊದಲೇ ಅವಳಿಗೆ ಗೊತ್ತಾಗುತ್ತಿತ್ತು.

'ಅವರ ಸದ್ದು ನನಗ ಕೇಳಸ್ತೈತಿ. ನನ್ನ ಸದ್ದು ಅವರಿಗೆ ಕೇಳಸಂಗಿಲ್ಲ. ಒಂದ ದಿಕ್ಕಿನ ಯಂತ್ರ ಇದು... ಒಳ್ಳೇದೇ ಆತು!'

ಒಳ್ಳೆಯದಾಯಿತು ಎಂದುಕೊಂಡಳೇ ಹೊರತು, ಅದರಿಂದ ಅವಳಿಗೆ ಒಂದಿಷ್ಟೂ ಸಮಾಧಾನವಿರಲಿಲ್ಲ.

ಖಂಡೇನವಮಿ ಬಂತು. ಊರಿನ ಮಗ್ಗಗಳೆಲ್ಲ ನಿಂತವು. ಅಂದು ಯಂತ್ರಗಳಿಗೆ ಪೂಜೆ, ಯಂತ್ರಗಳಿಗೆ ರಜೆ. ದುಂಡಪ್ಪನ ಅಂಗಡಿಯಲ್ಲೂ ಬೆಸುಗೆ ಕಡ್ಡಿ, ಇಕ್ಕಳ, ಮೀಟರು ಎಲ್ಲ ಮಣೆಯ ಮೇಲೆ ಸಾಲಾಗಿ ಕುಳಿತವು. ಸೆಲ್ಲುಗಳ ಪೆಟ್ಟಿಗೆಗೆ ಮೇಲಿಂದಲೇ ಒಂದು ಚೆಂಡುಹೂವು ಬಿತ್ತು.

ಅಪ್ಪ ಎಡೆ ತರಲು ಒಳಗೆ ಹೋದಾಗ ಗೌರವ್ವ ಅತ್ತಿತ್ತ ನೋಡಿದಳು. ಸೆರಗಿನಲ್ಲಿ ಬಚ್ಚಿಟ್ಟಿದ್ದ ನಾಲ್ಕು ಸೆಲ್ಲುಗಳನ್ನು ತೆಗೆದಳು. ಇಡೀ ಪೆಟ್ಟಿಗೆಯನ್ನೇ ಮೀಟರಿಗೆ ಹಚ್ಚಿ ಆರಿಸಿದ ನಾಲ್ಕು ಅವು. ರವಿವಾರ ರಾಕೆಟ್ಟಿನಲ್ಲಿ ಹೋಗಬೇಕಾದವು, ಅವನವು.

ಮೂರು ಬೆರಳುಗಳನ್ನು ಒದ್ದೆ ವಿಭೂತಿಯಲ್ಲಿ ಅದ್ದಿದಳು. ಒಂದೊಂದು ಸೆಲ್ಲಿಗೂ ತಲೆಯ ಹಿತ್ತಾಳೆ ಬೊಟ್ಟಿನ ಮೇಲೆ ಮೆಲ್ಲಗೆ ಎಳೆದಳು. ಮಕ್ಕಳ ಹಣೆಗೆ ಹಚ್ಚಿದ ಹಾಗೆ.

'ಸಿದ್ಧೇಶ್ವರಾ, ಅವರ ಮಾತು ಮ್ಯಾಲಿಂದ ಕೇಳಸ್ಲಿ.'

ಆ ಗಳಿಗೆಯಲ್ಲಿ ಅವಳು ರಿಪೇರಿಯವಳಾಗಿರಲಿಲ್ಲ, ಬರೀ ಹುಡುಗಿಯಾಗಿದ್ದಳು. ಹಚ್ಚಿದ ವಿಭೂತಿಯನ್ನು ಒರೆಸುವುದು ಅವರ ಮನೆಯಲ್ಲಿ ಇಲ್ಲ. ಒಣಗಿದ ಮೇಲೆ ಹಾಗೆಯೇ ನಾಲ್ಕನ್ನೂ ಕೊಳವೆಯ ಸ್ಪ್ರಿಂಗಿಗೆ ಒತ್ತಿ ಕೂರಿಸಿದಳು. ಮಾರನೆಯ ದಿನ ಗುಂಡಿ ಹಾಕಿ ನೋಡಿದಳು. ಪೀಂ ಪೀಂ ಎಂದಿತು. ಮತ್ತೆ ಅದರ ವಿಚಾರವನ್ನೇ ಬಿಟ್ಟಳು.

ದಸರೆಯ ಸಂಜೆ ಅವನು ಬನ್ನಿ ಕೊಡಲು ಬಂದ. ದುಂಡಪ್ಪನ ಕಾಲು ಮುಟ್ಟಿ, ಅವಳ ಅಂಗೈಗೂ ಎರಡು ಎಲೆ ಇಟ್ಟ.

"ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ, ಗೌರವ್ವಾರ."

ಊರೆಲ್ಲ ಊರಿಗೆಲ್ಲ ಹೇಳುವ ಮಾತು. ಅವಳಿಗೆ ಮಾತ್ರ ಅದು ತನಗೊಬ್ಬಳಿಗೇ ಹೇಳಿದ ಹಾಗೆ ಕೇಳಿಸಿತು.

*

ಗಡಹಿಂಗ್ಲಜದ ಹೊರಗೆ ಬೋಳು ಮಾಳ. ರವಿವಾರ ಬೆಳಿಗ್ಗೆ ಹತ್ತು ಗಂಟೆ. ಕಾಲೇಜಿನ ಹುಡುಗರು, ಪಾಟೀಲ ಸರ್, ಸುತ್ತಲಿನ ಹೊಲದವರು. ದುಂಡಪ್ಪನೂ ತಲೆಗೆ ಪಟಗಾ ಸುತ್ತಿಕೊಂಡು ಬಂದಿದ್ದ. ಕಣ್ಣಿಗೆ ಕಾಣದಿದ್ದರೂ ಕಿವಿಗೆ ಕೇಳಿಸುತ್ತದಲ್ಲ!

ಗೌರವ್ವ ನೂರು ಹೆಜ್ಜೆ ದೂರ, ಕಾಲೇಜಿನ ಜೀಪಿನ ಮರೆಯಲ್ಲಿ ರೇಡಿಯೋ ಮುಂದೆ ಕುಳಿತಿದ್ದಳು. ಪೀಂ... ಪೀಂ... ಸ್ಪಷ್ಟವಾಗಿತ್ತು.

"ಮೂರು... ಎರಡು... ಒಂದು!"

ಬೆಂಕಿ ಹಾರಿತು. ರಾಕೆಟ್ ಸುಯ್ಯೆಂದು ಮೇಲಕ್ಕೆದ್ದಿತು.

ಪೀಂ... ಪೀ...

ಅಷ್ಟೇ. ಆಮೇಲೆ ರೇಡಿಯೋದಲ್ಲಿ ಬರೀ ಸರಬರ ಸದ್ದು. ಗೌರವ್ವ ಗುಬುಟನ್ನು ಆಚೆ ತಿರುಗಿಸಿದಳು, ಈಚೆ ತಿರುಗಿಸಿದಳು. ಇಲ್ಲ... ಏನೂ ಇಲ್ಲ! ಮೇಲೆ ಬಿಳಿ ಮಲ್ ಬಟ್ಟೆಯ ಪ್ಯಾರಾಚೂಟ್ ಬಿಚ್ಚಿತು. ಮೂಕವಾಗಿ ಹೋದ ರಾಕೆಟ್ ಮೂಕವಾಗಿಯೇ ಇಳಿಯಿತು.

ಕಾಡಸಿದ್ದ ಓಡಿಹೋಗಿ ಕೊಳವೆಯ ಮುಚ್ಚಳ ತಿರುವಿ ಇಣುಕಿದ. ಸೆಲ್ಲಿನ ತಲೆಯ ಮೇಲೆ ಬಿಳಿ ಪುಡಿ. ಹಳೆಯ ಸೆಲ್ಲು ಸೋರಿದಾಗ ಕಟ್ಟುವ ಉಪ್ಪಿನ ಹಾಗೆಯೇ.

"ಏನಾತೋ?" ಎಂದರು ಪಾಟೀಲ ಸರ್.

"ಸೆಲ್ಲು ಸೋರ್‍ಯಾವ್ರಿ ಸರ್. ಹಳೇ ಮಾಲು!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನ ಹಿಂದೆಯೇ ದುಂಡಪ್ಪ ನಿಂತಿದ್ದ. ಮುದುಕ ಪಟಗಾ ತೆಗೆದು ಬಗಲಲ್ಲಿ ಇಟ್ಟುಕೊಂಡು ಜೀಪಿನ ಕಡೆ ನಡೆದ. ದಾರಿಯಲ್ಲಿ ಎರಡು ಸಲ ಎಡವಿದ.

ಗೌರವ್ವ ಬಿರುಗಾಳಿಯಂತೆ ಬಂದಳು.

"ಮೀಟರಿಗೆ ಹಚ್ಚಿ ನೋಡಿದ್ರೇನು? ಬಲ್ಬಿಗೆ ಹಚ್ಚಿ ನೋಡಿದ್ರೇನು? ಹೋಗ್ಲಿ, ನಾಲಿಗಿಗರೆ ಹಚ್ಚಿದ್ರೇನು? ನಿಮ್ಮ ಕಾಲೇಜಿನ್ಯಾಗ ಇದನ್ನ ಕಲಸ್ತಾರೇನ್ರಿ, ನೋಡದ ತೀರ್ಪು ಕೊಡೂದು?"

"ಗೌರವ್ವಾರ, ನಾ..."

"ಅಪ್ಪನ ಹೆಸರು ಇಷ್ಟು ಮಂದ್ಯಾಗ ಮಣ್ಣು ಮಾಡಿದ್ರಿ!"

ಪಾಟೀಲ ಸರ್ ನಡುವೆ ಬಂದರು. "ತಡೀರಿ ತಡೀರಿ. ಇನ್ನೊಂದು ರಾಕೆಟ್ ಉಳದೈತಿ. ಮುಂದಿನ ರವಿವಾರದ ತನಕ ಪರವಾನಗಿ ಐತಿ. ಅದೂ ಹಿಂಗ ಆತಂದ್ರ ಸಂಘಾ ಮುಚ್ಚೂದ ಸೈ."

ಗೌರವ್ವ ಕಾಡಸಿದ್ದನ ಕೈಯಿಂದ ಕೊಳವೆಯನ್ನು ಕಸಿದುಕೊಂಡಳು. ಮುಚ್ಚಳವನ್ನು ಮೊದಲಿನಂತೆ ಬಿಗಿದಳು.

"ಆರು ದಿನ ಕೊಡ್ರಿ ಸರ್. ಸೆಲ್ಲಿಂದು ತಪ್ಪೋ, ಯಾರದು ತಪ್ಪೋ, ನಾ ಹುಡಕ್ತೀನಿ. ನಮ್ಮ ಸೆಲ್ಲು ಹಳಸಿದ್ದು ಖರೇ ಆದ್ರ ಅಂಗಡಿ ಹಲಗಿ ನಾನ ಇಳಸ್ತೀನಿ!"

*

ಸೋಮವಾರದಿಂದ ದುಂಡಪ್ಪ ಗಲ್ಲೆಯ ಮೇಲೆ ಕೂರಲಿಲ್ಲ. ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ. ಗೌರವ್ವ ಮೇಜಿನ ಮೇಲಿನದೆಲ್ಲ ಸರಿಸಿ ಕೊಳವೆಯನ್ನಿಟ್ಟಳು.

ಸೆಟ್ಟು ಕೆಟ್ಟರೆ ಗಡಬಡಿಸಿ ಬಿಚ್ಚಬಾರದು. ಮೊದಲು ಅದೇ ರೋಗವನ್ನು ಇನ್ನೊಮ್ಮೆ ಬರಿಸಿ ನೋಡಬೇಕು. ಅಪ್ಪ ಕಲಿಸಿದ ಪಾಠ ಅದು. ಮೊದಲು ರೇಡಿಯೋ ನೋಡಿದಳು. ಸರಿ ಇತ್ತು. ಕೊಳವೆಯ ಗುಂಡಿ ಹಾಕಿದಳು. ಪೀಂ ಪೀಂ ಎಂದಿತು! ಒಂದು ತಾಸು, ಎರಡು ತಾಸು ಬಿಟ್ಟಳು. ಕೂಗುತ್ತಲೇ ಇತ್ತು.

'ಸೋರಿದ ಸೆಲ್ಲು ಎರಡು ತಾಸು ಒದರತೈತೇನು? ಇಲ್ಲ! ಹಂಗಾದ್ರ ಮ್ಯಾಲ ಹೋಗುವಾಗ ಯಾಕ ಬಾಯಿ ಕಟ್ತು? ಮ್ಯಾಲ ಹೋಗುವಾಗ ಏನಾಗ್ತೈತಿ...? ನಡಗ್ತೈತಿ!'

ನಡುಗಿಸುವುದು ಹೇಗೆ? ಗೌರವ್ವ ತಲೆ ಎತ್ತಿದಳು. ಪಕ್ಕದ ಶೆಡ್ಡಿನಿಂದ ಹಗಲೂ ರಾತ್ರಿ ಬರುವ ಸದ್ದು ಈಗಲೂ ಬರುತ್ತಿತ್ತು. ಖಟ್ ಖಟ್, ಖಟ್ ಖಟ್...

ಆ ಶೆಡ್ಡಿನಲ್ಲಿ ಮಗ್ಗ ರಿಪೇರಿ ಮಾಡುವ ಸಖಾರಾಮ ಅವಳನ್ನು ನೋಡಿ ಬೀಡಿ ಬಾಯಿಂದ ತೆಗೆದ.

"ಅಗ ಪೋರಿ, ಹೇ ಕಾಯ್?" ಇದೇನೇ ಹುಡುಗಿ ಎಂದು ಮರಾಠಿಯಲ್ಲಿ ಕೇಳಿದ.

"ಸಖಾರಾಮ ಮಾಮಾ, ಇದನ್ನ ಮಗ್ಗಕ್ಕ ಕಟ್ಟಬೇಕು. ಎಲ್ಲಕ್ಕಿಂತ ಹೆಚ್ಚು ನಡಗೂದು ಯಾವ ಮಗ್ಗಾ?"

"ಆರನೇದು. ಅದು ಹಲ್ಲು ಉದುರಸ್ತೈತಿ. ಕಟ್ಟ್!"

ನೂಲಿನ ಹುರಿಯಿಂದ ಕೊಳವೆಯನ್ನು ಆರನೇ ಮಗ್ಗದ ಚೌಕಟ್ಟಿಗೆ ಬಿಗಿದರು. ಸಖಾರಾಮ ಮಗ್ಗ ಬಿಟ್ಟ. ಗೌರವ್ವ ರೇಡಿಯೋಕ್ಕೆ ಕಿವಿ ಹಚ್ಚಿದಳು.

ಪೀಂ... ಪೀ... ಸರಬರ... ಪೀ... ಸರಬರ...

"ಮಾಮಾ! ಸಿಕ್ತು! ಅದ ರೋಗಾ!" ಅವಳು ಕುಣಿದೇ ಬಿಟ್ಟಳು.

ಅದೇ ಕೊಳವೆಯಲ್ಲಿ ಬೇರೆ ನಾಲ್ಕು ಸೆಲ್ಲು ಹಾಕಿ ನೋಡಬೇಕೆಂದು ಮುಚ್ಚಳ ತೆಗೆದಳು. ಹಳೆಯವು ಒಂದೊಂದೇ ಅಂಗೈಗೆ ಜಾರಿದವು. ನಾಲ್ಕರ ತಲೆಯ ಮೇಲೂ ಬಿಳಿ ಪುಡಿ.

'ಅವರು ಹೇಳಿದ್ದು ಖರೇನ? ಅಪ್ಪನ ಮಾಲು ಸೋರೇತೇನು...?'

ಬೆರಳಿಂದ ಪುಡಿ ತೆಗೆದು ನಾಲಿಗೆಗೆ ಮುಟ್ಟಿಸಿದಳು. ಊರಿಗೆಲ್ಲ ಬೇಡವೆಂದು ಬೈಯುವವಳು ತಾನೇ ಮುಟ್ಟಿಸಿದಳು! ಸೋರಿದ ಸೆಲ್ಲಿನ ಉಪ್ಪು ಚುರುಗುಟ್ಟುತ್ತದೆ. ಇದು ಚುರುಗುಟ್ಟಲಿಲ್ಲ. ದಿನಾ ಬೆಳಿಗ್ಗೆ ಪೂಜೆಯಾದ ಮೇಲೆ ಚಿಟಿಕೆ ಬಾಯಿಗೆ ಹಾಕಿಕೊಳ್ಳುವ ಅದೇ ರುಚಿ, ಅದೇ ಪರಿಮಳ.

ವಿಭೂತಿ!

ಮೂರು ಬೆರಳು ತಾವಾಗಿಯೇ ಹೆಬ್ಬೆರಳಿಗೆ ಕೂಡಿಕೊಂಡವು. ಖಂಡೇನವಮಿ, ಮಣೆ, ನಾಲ್ಕು ಹಣೆ ಎಲ್ಲ ನೆನಪಾಯಿತು. ಬೂದಿ ಕರೆಂಟು ಬಿಡುವುದಿಲ್ಲ. ನಿಂತಾಗ ಸ್ಪ್ರಿಂಗು ಒತ್ತಿ ಹಿಡಿದು ಹೇಗೋ ಕೆಲಸ ನಡೆಯುತ್ತದೆ. ನಡುಗಿದರೆ ಸ್ಪ್ರಿಂಗು ಜಿಗಿದು ಬೂದಿಯ ಮೇಲೆ ಕೂರುತ್ತದೆ. ಬಾಯಿ ಬಂದ್!

"ಅಯ್ಯ ನಮ್ಮಪ್ಪಾ..." ಗೌರವ್ವ ನೂಲಿನ ರಾಶಿಯ ಮೇಲೆ ಕುಸಿದು ಕುಳಿತಳು.

ಅಪ್ಪನ ಹೆಸರನ್ನು ಮಣ್ಣು ಮಾಡಿದವಳು ತಾನೇ! ಕಾಡಸಿದ್ದನ ರಾಕೆಟ್ಟನ್ನು ಮೂಕ ಮಾಡಿದವಳೂ ತಾನೇ! ಅದೂ ಪ್ರೀತಿಯಿಂದ...

*

ನಾಲ್ಕು ದಿನ ಅವಳು ಬಾಯಿ ಬಿಡಲಿಲ್ಲ. ಹೇಳಿದರೆ ಯಾಕೆ ಹಚ್ಚಿದೆ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಇರುವುದು ಒಂದೇ ಉತ್ತರ.

ಶನಿವಾರ ಬಂತು. ಕಾಡಸಿದ್ದನೂ ಬಂದ. ಅಂಗಡಿಯ ಹೊರಗೇ ಚಪ್ಪಲಿ ಬಿಟ್ಟು, ಒಳಗೆ ಮಲಗಿದ್ದ ದುಂಡಪ್ಪನ ಮುಂದೆ ಕೈಮುಗಿದು ನಿಂತ. ಅವನ ಕಣ್ಣ ಕೆಳಗೆ ಕಪ್ಪಾಗಿತ್ತು.

"ಕಾಕಾ, ನಂದು ತಪ್ಪಾತು. ಪರೀಕ್ಷಾ ಮಾಡದ ನಿಮ್ಮ ಮಾಲಿಗೆ ಕಲ್ಲ ಹೊಡದೆ. ನಾಳೆ ಮಾಳದಾಗ ಎಲ್ಲಾರ ಮುಂದ ಹೇಳ್ತೀನಿ, ತಪ್ಪು ನಂದಂತ."

ದುಂಡಪ್ಪ ಎದ್ದು ಕುಳಿತ. ಆರು ದಿನಗಳಲ್ಲಿ ಮೊದಲ ಸಲ ಅವನ ಮುಖ ತಿಳಿಯಾಯಿತು.

ಬಾಗಿಲಲ್ಲಿ ನಿಂತ ಗೌರವ್ವನಿಗೆ ಎಲ್ಲ ಕೇಳಿಸಿತು. ಅಪ್ಪನ ಮಾನ ಉಳಿಯಿತು. ಗುಟ್ಟೂ ಉಳಿಯುತ್ತದೆ. ಸುಮ್ಮನಿದ್ದರೆ ಸಾಕು... ಬರೀ ಸುಮ್ಮನಿದ್ದರೆ ಸಾಕು! ಸೆಲ್ಲು ಒರೆಸಿ ಕೊಟ್ಟರೆ ನಾಳೆ ರಾಕೆಟ್ಟೂ ಮಾತಾಡುತ್ತದೆ.

ಆದರೆ ಮಾಡದ ತಪ್ಪನ್ನು ಈ ಮನುಷ್ಯ ಊರ ಮುಂದೆ ತಲೆಯ ಮೇಲೆ ಹೊರಲು ಬಂದಿದ್ದಾನೆ. ಅದನ್ನು ನೋಡಿಯೂ ಸುಮ್ಮನಿದ್ದರೆ ತಾನೆಂಥ ದುಂಡಪ್ಪನ ಮಗಳು?

"ಕ್ಷಮಾ ಕೇಳಬ್ಯಾಡ್ರಿ ಮಾಸ್ತರ್ರ." ಅವಳು ಬಾಗಿಲು ದಾಟಿ ಒಳಗೆ ಬಂದಳು. "ತಪ್ಪು ನಿಮ್ಮದೂ ಅಲ್ಲ, ಸೆಲ್ಲಿಂದೂ ಅಲ್ಲ. ನಂದು. ಅದು ಉಪ್ಪಲ್ಲ... ವಿಭೂತಿ. ಖಂಡೇನವಮಿ ದಿನಾ ನಾ ಹಚ್ಚಿದ್ದು. ಮಗ್ಗಕ್ಕ ಕಟ್ಟಿ ನೋಡೇನಿ. ಒರಸಿದ್ರ ಬರೋಬ್ಬರಿ ಒದರತೈತಿ, ಹಚ್ಚಿದ್ರ ಬಾಯಿ ಕಟ್ತೈತಿ."



ದುಂಡಪ್ಪ ಮೆಲ್ಲಗೆ ಕೇಳಿದ. "ಪೆಟ್ಟಿಗ್ಯಾಗ ನೂರಾರು ಸೆಲ್ಲು ಇದ್ದುವಲ್ಲವ್ವಾ. ನಾಕಕ್ಕಷ್ಟ ಯಾಕ ಹಚ್ಚಿದಿ?"

ಇದೇ ಪ್ರಶ್ನೆ! ಗೌರವ್ವ ಕಣ್ಣು ಮುಚ್ಚಿಕೊಂಡಳು. ಹೇಳಿಯೇ ಬಿಟ್ಟಳು.

"ಅವು ಇವರವು ಇದ್ದುವು ಅಪ್ಪಾ... ಅದಕ್ಕ."

ಕಣ್ಣು ಬಿಟ್ಟಾಗ ಕಾಡಸಿದ್ದ ಅವಳನ್ನೇ ನೋಡುತ್ತಿದ್ದ. ಬ್ಯಾಟರಿಯ ತಂತಿ ನಾಲಿಗೆಗೆ ಇಟ್ಟ ದಿನದ ಹಾಗೆಯೇ ಅವನ ಕಣ್ಣು ತುಂಬಿದ್ದವು. ಏನೋ ಹೇಳಲು ಬಾಯಿ ತೆರೆದ.

"ಏ, ತಡೀ!" ದುಂಡಪ್ಪ ಕೈ ಎತ್ತಿದ. "ನಿಂದೇನೈತಿ ಅದು ನಾಳೆ ಹೇಳು. ಮೊದಲ ನನ್ನ ಸೆಲ್ಲಿನ ಮಾನ ಉಳಸ್ರಿ ಇಬ್ಬರೂ. ಗೌರವ್ವಾ, ಕಡ್ಡಿ ಕಾಯಾಕ ಇಡು!"

ಅಂದು ಹೊತ್ತು ಮುಳುಗುವ ತನಕ ಇಬ್ಬರೂ ತಲೆ ಎತ್ತಲಿಲ್ಲ. ಅವನು ಸೆಲ್ಲುಗಳ ತಲೆಯನ್ನು ಉಸುಕಿನ ಕಾಗದದಿಂದ ಹೊಳೆಯುವಂತೆ ಉಜ್ಜಿದ. ಅವಳು ಸ್ಪ್ರಿಂಗನ್ನೇ ಕಿತ್ತು ಹಾಕಿ ಸೆಲ್ಲಿನಿಂದ ಸೆಲ್ಲಿಗೆ ತಂತಿಯನ್ನು ಬೆಸೆದಳು. ಸಖಾರಾಮ ಕೊಟ್ಟ ಗಂಜಿ ಹಾಕಿದ ನೂಲಿನಿಂದ ನಾಲ್ಕನ್ನೂ ಬಿಗಿಯಾಗಿ ಸುತ್ತಿದರು. ಒಂದು ತುದಿ ಅವನು ಹಿಡಿದ, ಇನ್ನೊಂದು ಅವಳು. ಬೆರಳಿಗೆ ಬೆರಳು ತಾಗಿತು. ಯಾರೂ ಹಿಂದಕ್ಕೆ ತೆಗೆಯಲಿಲ್ಲ, ಯಾಕೆಂದರೆ ನೂಲು ಸಡಿಲಾಗುತ್ತಿತ್ತು!

ಆರನೇ ಮಗ್ಗ ಅರ್ಧ ತಾಸು ಕುಣಿಸಿತು. ಪೀಂ ಪೀಂ ಒಮ್ಮೆಯೂ ತಪ್ಪಲಿಲ್ಲ.

*

ರವಿವಾರ ಮಾಳದಲ್ಲಿ ಮಂದಿ ಹೆಚ್ಚಾಗಿತ್ತು. ಸೋಲು ನೋಡಲು ಬರುವವರು ಯಾವಾಗಲೂ ಹೆಚ್ಚು. ಗೌರವ್ವ ಮೊದಲು ಪಾಟೀಲ ಸರ್ ಮುಂದೆ ನಿಂತು ಎಲ್ಲರಿಗೂ ಕೇಳಿಸುವಂತೆ ತಪ್ಪು ಹೇಳಿಕೊಂಡಳು. "ನಮ್ಮಪ್ಪನ ಸೆಲ್ಲು ಹೊಸವು. ಬೂದಿ ಹಚ್ಚಿದಾಕಿ ನಾನು." ಕೆಲವರು ನಕ್ಕರು. ಅವಳು ತಲೆ ತಗ್ಗಿಸಲಿಲ್ಲ.

ಆಮೇಲೆ ರೇಡಿಯೋ ಮುಂದೆ ಕುಳಿತಳು. ಪಕ್ಕದಲ್ಲಿ ಅಪ್ಪ.

"ಮೂರು... ಎರಡು... ಒಂದು!"

ಪೀಂ... ಪೀಂ...

ಬೆಂಕಿ ಹಾರಿತು. ಗೌರವ್ವ ಉಸಿರು ಹಿಡಿದಳು.

ಪೀಂ... ಪೀಂ... ಪೀಂ... ಪೀಂ...

"ಒದರಾಕತ್ತೈತಿ!" ದುಂಡಪ್ಪ ಪಟಗಾ ಮೇಲಕ್ಕೆ ತೂರಿದ. "ನನ್ನ ಸೆಲ್ಲು ಆಕಾಶದಾಗ ಒದರಾಕತ್ತಾವ! ಕೇಳ್ರಿ, ಎಲ್ಲಾರೂ ಕೇಳ್ರಿ!"

ಸದ್ದು ಮೇಲೇರಿತು, ತುದಿ ಮುಟ್ಟಿತು, ಪ್ಯಾರಾಚೂಟಿನ ಜೊತೆ ತೂಗುತ್ತ ಇಳಿಯಿತು. ನೆಲ ಮುಟ್ಟಿದ ಮೇಲೂ ಹಟ ಹಿಡಿದ ಕೂಸಿನಂತೆ ಕೂಗುತ್ತಲೇ ಇತ್ತು. ಹುಡುಗರು ಕಾಡಸಿದ್ದನನ್ನು ಹೆಗಲ ಮೇಲೆ ಎತ್ತಿದರು. ಅವನು ಅವರಿಂದ ಬಿಡಿಸಿಕೊಂಡು ನೇರ ಜೀಪಿನ ಕಡೆಗೆ ಬಂದ. ಕೈಯಲ್ಲಿ ಇನ್ನೂ ಬಿಸಿಯಾಗಿದ್ದ ಕೊಳವೆ.

ದುಂಡಪ್ಪನಿಗೆ ಕಣ್ಣು ಕಾಣುತ್ತಿರಲಿಲ್ಲ ನಿಜ. ಆದರೂ ಪಟಗಾ ಹುಡುಕುವ ನೆಪದಲ್ಲಿ ಎದ್ದು ಅತ್ತ ಹೋದ.

"ಗೌರವ್ವಾರ," ಎಂದ ಕಾಡಸಿದ್ದ, ಏದುಸಿರಿನಲ್ಲಿ. "ನಿನ್ನಿ ಕಾಕಾ ನನಗ ಮಾತಾಡಾಕ ಬಿಡಲಿಲ್ಲ."

"ಈಗ ಯಾರ ಬ್ಯಾಡ ಅಂದಾರ್ರಿ?"

"ಸೈಕಲ್ ಮ್ಯಾಲೆ ನದಿತನಕ ಹೋಗ್ತಿದ್ನಲ್ಲ... ಸದ್ದು ಅಳಿಯಾಕ ಅಷ್ಟು ದೂರ ಬೇಕಿರಲಿಲ್ಲ. ನೀವು ಕೇಳಾಕತ್ತೀರಿ ಅಂತ ಹೋಗ್ತಿದ್ದೆ."

ಗೌರವ್ವನ ಕಣ್ಣಿಂದ ತಟಕ್ಕನೆ ನೀರು ಬಿತ್ತು. ವಾರವಿಡೀ ಒಂದು ಹನಿಯೂ ಬೀಳಗೊಡದೆ ಹಿಡಿದಿದ್ದಳು ಪಾಪ.

"ನನಗ ನಿಮ್ಮದು ಕೇಳಸ್ತಿತ್ತು," ಎಂದಳು. "ನನ್ನದು ನಿಮಗ ಕೇಳಸ್ತಿರಲಿಲ್ಲ. ಒಂದ ದಿಕ್ಕಿನ ಯಂತ್ರಾ..."

"ನಿನ್ನಿ ಕೇಳಿಸ್ತು."

"ಏನಂತ?"

"ಅವು ಇವರವು ಅಂತ."

ಅವಳು ನಾಚಿ ಮುಖ ತಿರುಗಿಸಿದಳು. ಅವನು ಜೇಬಿನಿಂದ ಸಣ್ಣ ಕಾಗದದ ಪೊಟ್ಟಣ ತೆಗೆದು ಬಿಚ್ಚಿದ. ಒಳಗೆ ಒಂದು ತುಣುಕು ವಿಭೂತಿ. ಹನಿ ನೀರು ಹಾಕಿ ಅವಳ ಮುಂದೆ ಹಿಡಿದ.

"ಅಯ್ಯ, ಮತ್ತ ಸೆಲ್ಲಿಗೇನು?"

"ಸೆಲ್ಲಿಗೆ ಬ್ಯಾಡ್ರಿ. ಕರೆಂಟು ಬಿಡಂಗಿಲ್ಲ." ಅವನು ತನ್ನ ಎತ್ತರವನ್ನೆಲ್ಲ ಬಿಟ್ಟು ಅವಳ ಮುಂದೆ ತಲೆ ಬಾಗಿಸಿದ. "ಇಲ್ಲಿ ಹಚ್ಚರಿ."

"ಮಂದಿ ನೋಡ್ತಾರ..."

"ನೋಡ್ಲಿ."

ಗೌರವ್ವ ಮೂರು ಬೆರಳು ಅದ್ದಿದಳು. ಅವನ ಹಣೆಯ ಮೇಲೆ ಎಡದಿಂದ ಬಲಕ್ಕೆ ಮೆಲ್ಲಗೆ ಎಳೆದಳು.

"ಒರಸಬ್ಯಾಡ್ರಿ ಮತ್ತ," ಎಂದಳು.

"ಇಲ್ರಿ," ಎಂದ ಅವನು.